ನನ್ನ ಹೆಸರಿನ ಮುಂದಿನ ಷರಾ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವವರೆಲ್ಲ ಇದನ್ನೇ ಹೇಳುತ್ತಾರೆ, ಅದೂ ನನಗಿಂತ ಜೋರಾಗಿ. ಸಂತೆಯ ದಿನ ಮಟಮಟ ಮಧ್ಯಾಹ್ನ, ಆಟೋದ ಮೇಲೆ ಕಟ್ಟಿದ ಮೈಕಿನಲ್ಲಿ, ಆ ಊರಿನ ಸಬ್ ಇನ್ಸ್‌ಪೆಕ್ಟರ್ ಸಾಹೇಬರ ದನಿಯಲ್ಲಿ ನಾನು ಮಾತಾಡಿದೆ. ಯಾರೂ ಮಾತಾಡು ಅಂದಿರಲಿಲ್ಲ. ಯಾರೂ ಕುಡಿಸಿಯೂ ಇರಲಿಲ್ಲ. ಊರು ಯಾವುದು ಎಂದು ಹೇಳುವುದಿಲ್ಲ. ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸುತ್ತಮುತ್ತ ಸಂತೆ ಸೇರುವ ಊರುಗಳು ಬೇಕಾದಷ್ಟಿವೆ, ಒಂದನ್ನು ಆರಿಸಿಕೊಳ್ಳಿ. ಹೆಸರು ಹೇಳಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನಾನು ಗೋವಿನಕೋವಿಯವನು. ನನ್ನ ಸ್ವಂತ ದನಿ ಬಾಗಿಲ ಸಂದಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನದು. ಆದ್ದರಿಂದ ಚಿಕ್ಕಂದಿನಿಂದಲೂ ಬೇರೆಯವರ ದನಿಗಳಲ್ಲೇ ಸಂಸಾರ ಮಾಡಿಕೊಂಡು ಬಂದಿದ್ದೇನೆ. ಅವ್ವನ ದನಿಯಲ್ಲಿ ಕೋಳಿಗಳನ್ನು ಕರೆಯುತ್ತೇನೆ. ಅವು ನಾನು ಕರೆದರೆ ಬರುತ್ತವೆ, ಅವ್ವ ಕರೆದರೆ ಯೋಚನೆ ಮಾಡುತ್ತವೆ.

ಆ ದಿನ ಮೈಕ್ ಸೆಟ್ ಬಾಡಿಗೆಗೆ ಕೊಡುವ ಗೆಳೆಯನ ಗಂಟಲು ಕಟ್ಟಿತ್ತು. ಕಣ್ಣಿನ ಉಚಿತ ತಪಾಸಣೆಯ ಪ್ರಚಾರ ಮಾಡಿಕೊಡು ಅಂದ. ಹತ್ತು ನಿಮಿಷ ನನ್ನ ಸ್ವಂತ ದನಿಯಲ್ಲೇ ಪ್ರಚಾರ ಮಾಡಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಆಟೋ ತರಕಾರಿ ಗಾಡಿಗಳ ನಡುವೆ ಸಿಕ್ಕಿಕೊಂಡು ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ನಿಂತಿತು. ಆಗ ನನ್ನ ಬುದ್ಧಿಗೆ ಏನಾಯಿತೋ, ಸಾಹೇಬರ ಹಾಗೆ ಎರಡು ಸಲ ಕೆಮ್ಮಿದೆ.

"ಏಯ್, ಯಾವನಯ್ಯ ಅವ್ನು ಬಾಳೆಹಣ್ಣು? ರಸ್ತೆ ನಿಮ್ಮಪ್ಪಂದಾ? ಐದ್ ನಿಮಿಷ. ಗಾಡಿ ಎಲ್ಲಾ ತೆಗೀರಿ. ಅಷ್ಟೇ."

ಸಾಹೇಬರು ಪ್ರತಿ ಮಾತನ್ನೂ 'ಅಷ್ಟೇ' ಎಂದು ಮುಗಿಸುತ್ತಿದ್ದರು. ಆ ಶಬ್ದ ಬಿದ್ದ ಮೇಲೆ ಆ ಊರಿನಲ್ಲಿ ಚರ್ಚೆ ಇರುತ್ತಿರಲಿಲ್ಲ. ಮೂರು ನಿಮಿಷಕ್ಕೆ ರಸ್ತೆ ಖಾಲಿಯಾಯಿತು. ಅಲ್ಲಿ ಡಾಂಬರು ಹಾಕಿದ್ದಾರೆ ಎಂಬುದು ಬಹಳ ಜನಕ್ಕೆ ಅವತ್ತೇ ಗೊತ್ತಾದದ್ದು. ಓಡುವ ಗಡಿಬಿಡಿಯಲ್ಲಿ ಒಬ್ಬ ಅಕ್ಕನ ಟೊಮೇಟೊ ಬುಟ್ಟಿ ಮಗುಚಿತು. ಹೋಟೆಲಿನವರು ಬೋಂಡದ ಬಾಣಲೆಯ ಸಮೇತ ಒಳಗೆ ಹೋಗಿ ಷಟರ್ ಎಳೆದುಕೊಂಡರು.

ಖಾಲಿಯಾದ ಆ ರಸ್ತೆಯಲ್ಲಿ ನಮ್ಮ ಆಟೋದ ಹಿಂದೆ ಒಂದು ಜೀಪು ಹಾರನ್ ಮಾಡದೆ ಬರುತ್ತಿತ್ತು. ಸಾಹೇಬರದೇ. ಸಂತೆಯಲ್ಲಿ ದಾರಿ ಇಷ್ಟು ಸಲೀಸಾಗಿ ಬಿಟ್ಟದ್ದು ಅವರ ಸರ್ವೀಸಿನಲ್ಲೇ ಮೊದಲ ಸಲವಂತೆ, ಮೊದಲು ಬಹಳ ಖುಷಿಪಟ್ಟರಂತೆ. ಆಮೇಲೆ ಮೈಕಿನಲ್ಲಿ ತಾವೇ ಮಾತಾಡುತ್ತಿರುವುದು ಕೇಳಿಸಿತಂತೆ.

ಠಾಣೆಯಲ್ಲಿ ಫೋಟೋ ತೆಗೆದರು, ಹತ್ತೂ ಬೆರಳಿನ ಅಚ್ಚು ಒತ್ತಿಸಿಕೊಂಡರು. ಸರ್ಕಾರಿ ನೌಕರನಂತೆ ನಟಿಸಿ ಸಾರ್ವಜನಿಕರಲ್ಲಿ ಗಾಬರಿ ಹುಟ್ಟಿಸಿದ್ದು ಎಂದು ಕೇಸಾಯಿತು. ಫಿರ್ಯಾದಿ ಸಾಹೇಬರೇ. ಸುದ್ದಿ ಕೇಳಿ ಅವ್ವ ಬಸ್ಸು ಹತ್ತಿ ಬಂದಳು. ಅಳುತ್ತಾಳೇನೋ ಅಂದುಕೊಂಡಿದ್ದೆ.

"ಸಾಹೇಬ್ರೇ, ಒಳಗೆ ಇಟ್ಕೋತೀರಾ, ಇಟ್ಕೋಳ್ರಿ. ಆದ್ರೆ ಮಾತಾಡಾಕೆ ಮಾತ್ರ ಬಿಡಬ್ಯಾಡ್ರಿ. ನೀವು ಊಟಕ್ಕೆ ಹೋಗಿ ಬರೋದ್ರೊಳಗೆ ಸ್ಟೇಶನ್ನೇ ಖಾಲಿ ಮಾಡಿಸಿರ್ತಾನೆ," ಅಂದಳು.

ಸಂಜೆಯೊಳಗೆ ಜಾಮೀನು ಕೊಟ್ಟು ಕಳಿಸಿದರು. ಅವ್ವನ ಮಾತು ಕೇಳಿಯೇ ಕಳಿಸಿದರು ಎಂದು ಅವ್ವ ಈಗಲೂ ನಂಬಿದ್ದಾಳೆ.

ಕೇಸು ಹೊನ್ನಾಳಿ ಕೋರ್ಟಿನಲ್ಲಿ ನಡೆಯಿತು. ನನ್ನ ವಕೀಲರು ವಯಸ್ಸಾದವರು, ಮಿತಭಾಷಿ. "ಕಟಕಟೇಲಿ ನಿಂತಾಗ ಬಾಯಿ ಬಿಚ್ಚಿದ್ರೆ ನಾನ್ ವಕಾಲತ್ತು ವಾಪಸ್ ತಗೋತೀನಿ," ಎಂಬುದಷ್ಟೇ ಅವರು ಕೊಟ್ಟ ಕಾನೂನು ಸಲಹೆ. ಸರ್ಕಾರದ ಕಡೆಯಿಂದ ಮೂವರು ಸಾಕ್ಷಿಗಳು: ಬಾಳೆಹಣ್ಣಿನ ಗಾಡಿಯವರು, ಹೋಟೆಲಿನವರು, ಟೊಮೇಟೊ ಅಕ್ಕ. ಮೂವರೂ ದೇವರ ಮೇಲೆ ಆಣೆ ಮಾಡಿ ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರು. ಅಲ್ಲೇ ಸರ್ಕಾರಕ್ಕೆ ತೊಂದರೆಯಾದದ್ದು.

"ಮೈಕಿನಲ್ಲಿ ಮಾತಾಡಿದ್ದು ಈ ಆರೋಪಿಯೇ ತಾನೇ?" ಎಂದು ಸರ್ಕಾರಿ ವಕೀಲರು ಕೇಳಿದರು.

ಟೊಮೇಟೊ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಲ್ರೀ. ಸಾಹೇಬ್ರು ಮಾತಾಡಿದ್ದು."

"ಸರಿಯಾಗಿ ನೆನಪು ಮಾಡ್ಕೊಂಡು ಹೇಳಮ್ಮ."

"ನೆನಪು ಮಾಡ್ಕೊಳಾದೇನು ಐತ್ರೀ? ವಾರಕ್ಕೊಂದ್ಸಲ ಬೈಸ್ಕೊಳ್ಳೋ ದನಿ ಅದು. ಈ ಹುಡುಗ ಕೂಗಿದ್ರೆ ನಾನ್ ಯಾಕೆ ಓಡ್ತಿದ್ದೆ? ಇವನ ದನಿಗೆ ನೊಣಾನೂ ಏಳಲ್ಲ."

ಉಳಿದಿಬ್ಬರೂ ಅದನ್ನೇ ಹೇಳಿದರು. ಆರೋಪ ಸಾಬೀತಾಗಲಿಲ್ಲ, ಕೇಸು ಬಿದ್ದುಹೋಯಿತು. ಒಬ್ಬ ಕಲಾವಿದನಿಗೆ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಆದರೆ ಎದ್ದು ನಿಂತು ಕೈಮುಗಿಯುವ ಹಾಗಿರಲಿಲ್ಲ. ವಕೀಲರು ಹೊರಗೆ ಬಂದು, "ನಕಲು ಅರ್ಜಿ ಹಾಕಿ ಆರ್ಡರ್ ಕಾಪಿ ತಗೊಂಡು ಸ್ಟೇಶನ್ನಿಗೆ ಒಂದು ಕೊಡು," ಅಂದರು. ನಾನು ಹೂಂ ಅಂದೆ. ಹೂಂ ಅಂದದ್ದು ಅವರದೇ ದನಿಯಲ್ಲಿ. ಆಮೇಲೆ ಮರೆತೆ. ಕೋರ್ಟಿನವರಿಗೂ ಪೊಲೀಸರಿಗೂ ಪರಿಚಯ ಇರುತ್ತದಲ್ಲ, ಅವರವರೇ ಮಾತಾಡಿಕೊಳ್ಳುತ್ತಾರೆ ಅಂದುಕೊಂಡೆ. ಇದು ನನ್ನ ಎರಡನೆಯ ತಪ್ಪು. ಮೊದಲನೆಯದಾದರೂ ಮೂರು ನಿಮಿಷದ್ದು.

ಇದಾಗಿ ಬಹಳ ದಿನದ ಮೇಲೆ, ಬಸವಾಪಟ್ಟಣದ ಒಂದು ಶಾಲೆಯ ವ್ಯಾನಿನ ಡ್ರೈವರಿಗೆ ಜ್ವರ ಬಂತು. ಒಂದು ವಾರದ ಮಟ್ಟಿಗೆ ನನ್ನನ್ನು ಕರೆದರು. ಲಗೇಜ್ ಆಟೋ ಓಡಿಸುತ್ತಿದ್ದವನು ನಾನು. ಈರುಳ್ಳಿ ಮೂಟೆ ಅಳುವುದಿಲ್ಲ, ಯುಕೆಜಿ ಮಕ್ಕಳು ಅಳುತ್ತವೆ. ಮೊದಲ ದಿನ ಅವು ಶುರು ಮಾಡಿದ ಕೂಡಲೇ ನಾನೂ ಅವವೇ ದನಿಗಳಲ್ಲಿ ಅಳತೊಡಗಿದೆ. ತಮ್ಮ ಅಳು ಬೇರೆಯವರ ಬಾಯಲ್ಲಿ ಕೇಳಿ ಅವಕ್ಕೆ ಅವಮಾನವಾಗಿರಬೇಕು, ನಿಲ್ಲಿಸಿದವು. ಎರಡನೆಯ ದಿನ ಕಾಗೆ, ಮೂರನೆಯ ದಿನ ಕೆಟ್ಟು ನಿಂತ ಟ್ರ್ಯಾಕ್ಟರ್, ನಾಲ್ಕನೆಯ ದಿನ ಹೆಡ್‌ಮಿಸ್. ಐದನೆಯ ದಿನ ಹೆಡ್‌ಮಿಸ್ ನನ್ನನ್ನು ಆಫೀಸಿಗೆ ಕರೆಸಿದರು.

"ನಾನು ಮೂಗಿನಲ್ಲಿ ಮಾತಾಡ್ತೀನಾ?"

"ಇಲ್ಲ ಮಿಸ್," ಅಂದೆ, ಆದಷ್ಟು ಬಾಯಿಂದಲೇ.

"ಮಕ್ಕಳು ಬೆಳಿಗ್ಗೆ ಏಳು ಗಂಟೆಗೇ ಗೇಟ್ ಹತ್ರ ನಿಂತಿರ್ತಾವಂತೆ. ತಾಯಂದ್ರು ಫೋನ್ ಮಾಡಿದ್ರು. ಹಳೇ ಡ್ರೈವರ್ ಇನ್ನು ಬರಲ್ವಂತೆ. ಬೇಸಿಗೆ ರಜೆ ಮುಗಿದು ಜೂನಿಗೆ ಶಾಲೆ ಶುರು ಆಗೋದ್ರೊಳಗೆ ಪೊಲೀಸ್ ಪರಿಶೀಲನೆ ಕಾಗದ ತಂದ್ರೆ ವ್ಯಾನಿನ ಕೀಲಿ ನಿನ್ನದು. ಇಲ್ಲಾಂದ್ರೆ ಇನ್ನೊಬ್ಬ ಕಾಯ್ತಾ ಇದಾನೆ. ಅವನು ಮಾತೇ ಆಡಲ್ಲ."

ನನ್ನ ಬಾಯಿಯ ಕಾರಣಕ್ಕೆ ಯಾರಾದರೂ ಕೆಲಸ ಕೊಡುತ್ತೇನೆ ಅಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಅಲ್ಲಿಯತನಕ ಅದರ ಕಾರಣಕ್ಕೆ ಬರೀ ಕೆಲಸ ಹೋಗಿತ್ತು. ನನಗೆ ಆ ಕೀಲಿ ಬೇಕಿತ್ತು. ತಮಾಷೆ ಮಾಡದೆ ಹೇಳುತ್ತಿದ್ದೇನೆ, ಬಹಳ ಬೇಕಿತ್ತು.

ಅರ್ಜಿ ಹಾಕಿದೆ. ವಾಪಸ್ ಬಂತು. 'ಪ್ರಕರಣ ಬಾಕಿ ಇದೆ. ಸದರಿಯವರ ಹೆಸರು ನಿಗಾ ಪಟ್ಟಿಯಲ್ಲಿದೆ.'

ಠಾಣೆಗೆ ಓಡಿದೆ. ಸಾಹೇಬರು ಅಷ್ಟರಲ್ಲಿ ಜಗಳೂರು ಕಡೆಗೆ ವರ್ಗವಾಗಿ ಹೊಸಬರು ಬಂದಿದ್ದರು. ಬದಲಾಗದೆ ಉಳಿದವರು ಸ್ಟೇಶನ್ ರೈಟರ್, ಅಂದರೆ ಕಾಗದಪತ್ರ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್. ಮೇಜಿನ ಮೇಲೆ ಮೂರು ಬಣ್ಣದ ಪೆನ್ನು ಜೋಡಿಸಿಕೊಂಡು ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಟೆಲಿಫೋನನ್ನು ಸ್ವಲ್ಪ ತಮ್ಮ ಕಡೆಗೆ ಎಳೆದುಕೊಂಡರು.

"ಸರ್, ಕೇಸ್ ಬಿದ್ದೋಗೈತೆ. ಬಾಕಿ ಅಂತ ತೋರಿಸ್ತಾ ಐತಲ್ಲ?"

"ಬಿದ್ದೋಗೈತೆ ಅಂತ ನಂಗೆ ಯಾರು ಹೇಳ್ಯಾರೆ?"

"ಕೋರ್ಟಿನವರು ಹೇಳಿಲ್ವಾ?"

"ಕೋರ್ಟ್ ಪೇದೆ ಫೋನ್ ಮಾಡ್ದಂಗೆ ಮಾಡಿ, 'ಖುಲಾಸೆ ಆಗೈತೆ, ಬರ್ಕೋಳ್ರಿ' ಅಂತ ನೀನೇ ಹೇಳಿದ್ಯಲ್ಲ! ನಾನೇನು ಕುರಿ ಕಾಯಾಕೆ ಬಂದೀನಾ? ಅಲ್ಲೇ ಹಿಡಿದೆ. ಉಗಿದು ಫೋನ್ ಇಟ್ಟೆ."

ನನ್ನ ಸ್ವಂತ ದನಿಯಲ್ಲೇ ಹೇಳಿದೆ. "ಸರ್, ನಾನ್ ಮಾಡಿಲ್ಲ. ಅದು ಕೋರ್ಟ್ ಪೇದೆಯವರೇ ಮಾಡಿರ್ಬೇಕು."

"ಹಂಗೇ ಇತ್ತು ದನಿ. ಅದಕ್ಕೇ ಅನುಮಾನ ಬಂದಿದ್ದು."

ರಿಜಿಸ್ಟರ್ ತೆಗೆದು ತೋರಿಸಿದರು. ನನ್ನ ಹೆಸರು, ಊರು, ಬಲಗೆನ್ನೆಯ ಮಚ್ಚೆ. ಹೆಸರಿನ ಮುಂದೆ ಸಾಹೇಬರದೇ ಅಕ್ಷರದಲ್ಲಿ ಒಂದು ಷರಾ: 'ಆಸಾಮಿಯು ಅಧಿಕಾರಿಗಳ ದನಿಯಲ್ಲಿ ದೂರವಾಣಿ ಕರೆ ಮಾಡುವ ಸಂಭವವಿದ್ದು, ನಿಗಾ ಇಡತಕ್ಕದ್ದು.' ಕೋರ್ಟ್ ಪೇದೆಯವರು ನಿಜವಾಗಿಯೂ ಫೋನ್ ಮಾಡಿದ್ದರು. ರೈಟರು ಅದನ್ನು ಸಾಹೇಬರಿಗೆ ವರದಿ ಮಾಡಿದ್ದರು. ಸಾಹೇಬರು ವರ್ಗವಾಗಿ ಹೋಗುವ ಮೊದಲು ಷರಾ ಬರೆದಿದ್ದರು. ಎಲ್ಲರೂ ಅವರವರ ಕರ್ತವ್ಯ ಸರಿಯಾಗಿ ಮಾಡಿದ್ದರು. ನಾನೊಬ್ಬನೇ ಏನೂ ಮಾಡದೆ ಅಪರಾಧಿಯಾಗಿದ್ದೆ.

ಹೊನ್ನಾಳಿಗೆ ಹೋದೆ, ನಕಲು ಅರ್ಜಿ ಹಾಕಿದೆ. ವಕೀಲರು ಕನ್ನಡಕದ ಮೇಲಿಂದ ನೋಡಿ, "ಅವತ್ತೇ ಹೇಳಿದ್ದೆ," ಅಂದರು. "ಹೂಂ ಅಂದಿದ್ದೆ ಸರ್," ಅಂದೆ. "ಯಾರ ಹೂಂ ಅದು?" ಅಂದರು. ಮಿತಭಾಷಿಗಳ ಜೊತೆ ಇದೇ ಕಷ್ಟ, ಒಂದೊಂದು ಮಾತೂ ನೆಟ್ಟಗೆ ಬಂದು ತಗಲುತ್ತದೆ. ಕಾಪಿ ಕೈಗೆ ಬರುವ ಹೊತ್ತಿಗೆ ಮೇ ಅರ್ಧ ಮುಗಿದಿತ್ತು.

ಕೋರ್ಟಿನ ಸೀಲು ನೋಡಿದ ಮೇಲೆ ರೈಟರು ಕೇಸಿನ ಕಾಲಮಿನಲ್ಲಿ 'ಖುಲಾಸೆ' ಎಂದು ಬರೆದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

"ಷರಾ ಸರ್?"

"ಕೇಸ್ ಬಿಡಾದು ಕೋರ್ಟ್ ಕೆಲಸ. ಷರಾ ಬಿಡಾದು ಬರೆದವ್ರ ಕೆಲಸ. ಹೊಸ ಸಾಹೇಬ್ರನ್ನ ಕೇಳಿದೀನಿ. ಹಳೇ ಸಾಹೇಬ್ರು ಒಂದ್ ಮಾತು ಹೇಳಿದ್ರೆ ಹೊಡೆದಾಕು ಅಂದ್ರು."

"ಪತ್ರ ತಂದ್ರೆ ಆಗ್ತೈತಾ ಸರ್?"

"ತಗೊಂಬಾ. ಆದ್ರೆ ನಿನ್ನ ಕೈಲಿ ಬಂದ ಪತ್ರನ ಹಂಗೇ ನಂಬಾಕೆ ಆಗಲ್ಲ. ಸಾಹೇಬ್ರ ಬಾಯಿಂದ ಕೇಳ್ಬೇಕು ನಾನು."

ನ್ಯಾಮತಿ, ಹೊನ್ನಾಳಿ, ದಾವಣಗೆರೆ, ಅಲ್ಲಿಂದ ಜಗಳೂರು. ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಬೊಬ್ಬೆ ಬರುವಂಥ ಬಿಸಿಲು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ನನ್ನ ಸ್ವಂತ ದನಿಯಲ್ಲಿ ಅಭ್ಯಾಸ ಮಾಡಿದೆ. ಅದೊಂದೇ ದನಿ ನನಗೆ ಸರಿಯಾಗಿ ಬರುವುದಿಲ್ಲ.

ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ಕೊರಳಿಗೆ ಮಫ್ಲರ್, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್. ಆ ಬಿಸಿಲಿಗೆ ಮಫ್ಲರ್ ಸುತ್ತಿಕೊಂಡವರನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಗುರುತು ಹಿಡಿದು ಬಾಯಿ ತೆರೆದರು. ನಾನು ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಬಾರಪ್ಪ. ಕೂತ್ಕೋ," ಅಂದರು.

ಮಲಗಿದ ಮಗುವಿನ ಪಕ್ಕ ಕೂತವರು ಮಾತಾಡುವ ಹಾಗಿತ್ತು. ಗಂಟಲಲ್ಲಿ ಗಂಟಾಗಿತ್ತಂತೆ. ವರ್ಷಗಟ್ಟಲೆ ಕೂಗಿ ಕೂಗಿ ಆದದ್ದು ಎಂದರಂತೆ ಡಾಕ್ಟರು. ಆಪರೇಷನ್ ಮಾಡಿದ ಮೇಲೆ ದನಿ ಇಷ್ಟೇ ಉಳಿದಿದೆ, ಮಾತು ಕಡಿಮೆ ಮಾಡಿ ಅಂದಿದ್ದಾರಂತೆ. "ಹಳೇದು ಇನ್ನು ಬರಲ್ಲ ಅಂದ್ಬಿಟ್ರು. ಇಲ್ಲಿ ಯಾರಿಗೂ ಅದು ಗೊತ್ತೂ ಇಲ್ಲ. ನನ್ನ ತುಂಬಾ ಸಾಧು ಅಂದ್ಕೊಂಡಿದಾರೆ," ಅಂದರು. ಈ ಮಾತಿಗೆ ಏನು ಮುಖ ಮಾಡಬೇಕೋ ತಿಳಿಯದೆ ಗೋಡೆ ನೋಡಿದೆ.

ಕೋರ್ಟಿನ ಕಾಪಿ ಕೊಟ್ಟೆ. ವ್ಯಾನಿನ ವಿಷಯ, ಮಕ್ಕಳ ವಿಷಯ, ಕೋರ್ಟ್ ಪೇದೆಯ ಫೋನಿನ ವಿಷಯ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಕೂಗಲಾರದವರು ಕೇಳಿಸಿಕೊಳ್ಳುವುದು ಹೆಚ್ಚು. ಒಂದು ಹಾಳೆ ತೆಗೆದು ಷರಾ ಕೈಬಿಡಲು ತಮ್ಮ ಅಭ್ಯಂತರವಿಲ್ಲ ಎಂದು ಬರೆದು ಸಹಿ ಮಾಡಿದರು. ಆಮೇಲೆ ರೈಟರಿಗೆ ಫೋನ್ ಹಚ್ಚಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. ರೈಟರ ಮೇಜಿನ ಹಳೇ ಟೆಲಿಫೋನಿನಲ್ಲಿ ಕರೆದವರ ನಂಬರ್ ಕಾಣುವುದಿಲ್ಲ.

"ನಾನಪ್ಪ, ನಿಮ್ಮ ಹಳೇ ಎಸ್ಸೈ ಮಾತಾಡ್ತಿರೋದು. ಆ ಹುಡುಗನ ಷರಾ..."

"ಲೋ," ಎಂದಿತು ಫೋನು. "ಜಗಳೂರಿಗೆ ಹೋಗ್ತೀನಿ ಅಂತ ಹೇಳಿ ಎಲ್ಲಿ ಕೂತು ಮಾಡ್ತಾ ಇದೀಯೋ? ಮಾಡಾಕೆ ಬರದಿದ್ರೆ ಬಿಟ್ಬಿಡು. ಸಾಹೇಬ್ರು ಮಾತಾಡಿದ್ರೆ ಫೋನು ಕಿವಿಯಿಂದ ಒಂದ್ ಮೊಳ ದೂರ ಹಿಡೀಬೇಕು. ನೀನು ಬಾಣಂತಿ ಮಾತಾಡ್ಸಾಕೆ ಬಂದಂಗೆ ಮಾತಾಡ್ತೀಯಲ್ಲೋ."

"ನಾನೇ ಕಣಪ್ಪ..."

"ಕಣಪ್ಪ ಅಂತೆ! ಸಾಹೇಬ್ರು ನನ್ನ ಅಪ್ಪ ಅಂತ ಯಾವತ್ತಾದ್ರೂ ಕರೆದಾರಾ? ಇಡಲೇ ಫೋನು."

ಅವರೇ ಇಟ್ಟರು. ಸಾಹೇಬರು ಬಿಸಿನೀರು ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು. ನಾನು ಆಗಲೂ ಗೋಡೆಯನ್ನೇ ನೋಡುತ್ತಿದ್ದೆ.

"ಹೆಂಗಿತ್ತು ಅದು?" ಅಂದರು.

"ಯಾವ್ದು ಸರ್?"

"ನನ್ನ ದನಿ. ಒಂದ್ಸಲ ಮಾಡು ನೋಡಾಣ."

"ಸರ್, ಕೇಸ್ ಆಗ್ತೈತೆ."

"ಫಿರ್ಯಾದಿ ನಾನೇ ಅಲ್ವೇನಯ್ಯ. ನಾನ್ ಕೊಟ್ರೆ ತಾನೇ. ಮಾಡು."

ಎರಡು ಸಲ ಕೆಮ್ಮಿದೆ. 'ಬಾಳೆಹಣ್ಣಿ'ನಿಂದ ಹಿಡಿದು 'ಅಷ್ಟೇ'ವರೆಗೆ ಪೂರ್ತಿ ಹೇಳಿದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಪೇದೆಗಳು ಯಾಕೆ ಎಂದು ತಿಳಿಯದೆ ಎದ್ದು ನಿಂತರು. ಸಾಹೇಬರು ಕಣ್ಣು ಮುಚ್ಚಿಕೊಂಡಿದ್ದರು.

"ಜಾಸ್ತಿ ಮಾಡ್ತೀಯ," ಅಂದರು. "ಇಷ್ಟು ಒರಟಾಗಿರ್ಲಿಲ್ಲ ನಾನು."

ಕೋರ್ಟಿನಲ್ಲಿ ಆಣೆ ಮಾಡಿ ಹೇಳಿದ ಮೂವರು ಸಾಕ್ಷಿಗಳು ನನ್ನ ಹತ್ತಿರ ಇದ್ದರು. ಆದರೂ, "ಇರ್ಲಿಲ್ಲ ಸರ್," ಅಂದೆ.

ಇನ್ನೊಂದು ಹಾಳೆ ಎಳೆದುಕೊಂಡು ಎರಡು ಸಾಲು ಬರೆದು ನನ್ನ ಮುಂದೆ ತಳ್ಳಿದರು. "ಮಾತು ನಂದು, ಸಹಿ ನಂದು. ದನಿ ಒಂದು ನೀನು ಕೊಡು. ಇದ್ರ ಮೇಲೆ ಒಂದಕ್ಷರ ಸೇರ್ಸಿದ್ರೆ ಇಲ್ಲೇ ಒಳಗೆ ಹಾಕ್ತೀನಿ." ಇದನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ, ನನಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ಅವರೇ ನಂಬರ್ ಒತ್ತಿದರು. ನಾನು ಕಾಗದ ನೋಡಿಕೊಂಡು ಓದಿದೆ.

"ಏಯ್ ರೈಟರ್! ನಂಗೇ ಉಗೀತೀಯೇನಯ್ಯ? ಆ ಹುಡುಗನ ಕೈಲಿ ಪತ್ರ ಕಳಿಸ್ತಾ ಇದೀನಿ, ಷರಾ ಹೊಡೆದಾಕು."

ಆ ಕಡೆ ಉಸಿರಾಟ ಮಾತ್ರ ಕೇಳಿಸಿತು. ಹೌದೋ ಅಲ್ಲವೋ ಎಂದು ರೈಟರು ತೂಗುತ್ತಿದ್ದರು. ಕಾಗದದಲ್ಲಿ ಏನು ಕೊರತೆ ಎಂದು ನನಗೆ ಗೊತ್ತಾಯಿತು. ಆಪರೇಷನ್ ಆದ ಮೇಲೆ ಡಾಕ್ಟರು ಮಾತು ಕಡಿಮೆ ಮಾಡಿ ಅಂದಿದ್ದರಲ್ಲ, ಸಾಹೇಬರು ಮೊದಲು ಕಡಿಮೆ ಮಾಡಿದ್ದು ಆ ಒಂದು ಶಬ್ದವನ್ನೇ ಇರಬೇಕು, ಬರೆಯುವಾಗಲೂ ಬಿಟ್ಟಿದ್ದರು. ನಾನು ಸಾಹೇಬರ ಮುಖ ನೋಡಿದೆ. ಲಾಕಪ್ಪಿನ ಬಾಗಿಲೂ ನೋಡಿದೆ. ವ್ಯಾನಿನ ಕೀಲಿ ನೆನಪಾಯಿತು.

"ಅಷ್ಟೇ," ಅಂದೆ.

"ಸರ್! ಆಯ್ತು ಸರ್! ಈಗ್ಲೇ ಸರ್!" ಅಂದಿತು ಫೋನು. ಕುರ್ಚಿ ಹಿಂದಕ್ಕೆ ಸರಿದ ಶಬ್ದವೂ ಬಂತು.

ಸಾಹೇಬರ ತುಟಿ ಒಂದು ಸಲ ಅಲುಗಿತು, ಆ ಶಬ್ದವನ್ನು ಒಳಗೇ ಅಂದು ನೋಡಿಕೊಂಡರೋ ಏನೋ. ಪತ್ರವನ್ನು ಲಕೋಟೆಯಲ್ಲಿಟ್ಟು ಕೊಟ್ಟು, ಹೋಗು ಎಂದು ಕೈಸನ್ನೆ ಮಾಡಿದರು.

ಮಾರನೆಯ ದಿನ ಠಾಣೆಗೆ ಹೋದಾಗ ರೈಟರು ರಿಜಿಸ್ಟರ್ ತೆರೆದಿಟ್ಟುಕೊಂಡು ಕಾಯುತ್ತಿದ್ದರು. ಷರಾದ ಮೇಲೆ ಕೆಂಪು ಪೆನ್ನಿನಲ್ಲಿ, ಅಳತೆಪಟ್ಟಿ ಇಟ್ಟು ಗೆರೆ ಹೊಡೆದಿದ್ದರು. ಪಕ್ಕದಲ್ಲಿ 'ಹಿಂದಿನ ಅಧಿಕಾರಿಯವರ ಪತ್ರ ಹಾಗೂ ದೂರವಾಣಿ ಆದೇಶದ ಮೇರೆಗೆ ನಿಗಾ ಕೈಬಿಡಲಾಗಿದೆ' ಎಂದು ಬರೆದಿದ್ದರು. ಪತ್ರ ಇಸಿದುಕೊಂಡು ಫೈಲಿಗೆ ಸೇರಿಸಿದರು. ಕಂಪ್ಯೂಟರಿನಲ್ಲೂ ನನ್ನ ಹೆಸರಿನ ಮುಂದೆ ಏನೂ ಉಳಿಯಲಿಲ್ಲ. ಪರಿಶೀಲನೆಗೆ ಮತ್ತೆ ಅರ್ಜಿ ಹಾಕು, ಈ ಸಲ ನಿಲ್ಲಲ್ಲ ಅಂದರು. ಜೂನಿಗೆ ಇನ್ನೂ ದಿನಗಳಿದ್ದವು.

ನಾನು ಕೈಮುಗಿದು ಹೊರಡಬೇಕಿತ್ತು. ಆದರೆ ನನ್ನ ಬಾಯಿ ನಿಮಗೆ ಇಷ್ಟೊತ್ತಿಗೆ ಗೊತ್ತಾಗಿದೆ.

"ಸರ್, ನಿನ್ನೆ ಎರಡು ಫೋನ್ ಬಂತಲ್ಲ. ಮೊದಲನೇದು ನಾನು, ಎರಡನೇದು ಸಾಹೇಬ್ರು ಅಂತ ಹೆಂಗೆ ಗೊತ್ತಾಯ್ತು?"

ರೈಟರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು, ರಿಜಿಸ್ಟರ್ ಮುಚ್ಚಿದರು, ನನ್ನನ್ನು ಕರುಣೆಯಿಂದ ನೋಡಿದರು.

"ಇಪ್ಪತ್ತು ವರ್ಷ ಸರ್ವೀಸಾಗೈತೆ ಕಣಲೇ ನಂಗೆ. ಅಸಲಿ ಸಾಹೇಬ್ರ ಗತ್ತೇ ಬೇರೆ, ಅದು ನೀನು ತಿಪ್ಪರಲಾಗ ಹಾಕಿದ್ರೂ ನಿನ್ನ ಬಾಯಾಗೆ ಬರಲ್ಲ. ಹೋಗು, ವ್ಯಾನ್ ಓಡ್ಸು."